ಜಾಹ್ನವಿ, ಜಾನ್ಹವಿ ಮತ್ತು ನನ್ನ ಕೆಂಪು ಶಾಯಿ

ಜನನ ಮರಣ ನೋಂದಣಿಯ ಕುರ್ಚಿಗೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಏನಾದರೂ ಹೇಳಿಕೊಡಿ ಎನ್ನುತ್ತಾರೆ. ನಾನು ಚಹಾ ಕುಡಿಸಿ ಕಳಿಸುತ್ತೇನೆ. ಬಾಯಿ ತೆರೆದರೆ ಕಹಿಯೇ ಬರುತ್ತದೆ, ಎಳೆಯರ ಮುಖದ ಮೇಲೆ ಅದನ್ನೇಕೆ ಉಗುಳಬೇಕು ಎಂದು ಇಷ್ಟು ದಿನ ಸುಮ್ಮನಿದ್ದೆ. ಈಗ ಬರೆದಿಡುತ್ತಿದ್ದೇನೆ. ಬೇಕಾದವರು ಓದಲಿ, ಬೇಡವಾದವರು ಮಡಚಿ ಕಿಡಕಿಯ ಮೇಲಿಡಲಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ನನ್ನ ನೌಕರಿ ಈ ನಾಲ್ಕು ಊರುಗಳೊಳಗೇ ಗಾಣದೆತ್ತಿನಂತೆ ಸುತ್ತಿತು. ಯಾವ ಊರಿನ ಕಚೇರಿಯಲ್ಲಿ ಏನು ನಡೆಯಿತೆಂದು ಹೆಸರು ಹಿಡಿದು ಹೇಳುವುದಿಲ್ಲ. ನಾಲ್ಕರಲ್ಲೂ ಅದೇ ಕುರ್ಚಿ, ಅದೇ ತಗಡಿನ ಕಪಾಟು, ಕಿಡಕಿಯ ಆಚೆ ನಿಂತವರ ಬಾಯಲ್ಲಿ ಅದೇ ಬೈಗುಳ. ಬಡ್ತಿಯ ವಿಷಯವನ್ನೂ ಬರೆಯುವುದಿಲ್ಲ, ಅದನ್ನು ಕೇಳಿ ಯಾರ ಹೊಟ್ಟೆಯೂ ತುಂಬುವುದಿಲ್ಲ. ನಾನು ಹೇಳಲೇಬೇಕಾದದ್ದು ಒಬ್ಬ ತಾಯಿಯ ಸಂಗತಿ. ತನ್ನ ಮೊದಲ ಮಗು ಈ ಭೂಮಿಯ ಮೇಲೆ ಹುಟ್ಟಿತ್ತು ಎಂದು ಹೇಳುವ ಒಂದು ಕಾಗದ ಆಕೆಗೆ ಬೇಕಾಗಿತ್ತು. ಆ ದಾಖಲೆ ನನ್ನ ಕಪಾಟಿನಲ್ಲೇ ಇತ್ತು. ನಾನು ಕೊಡಲಿಲ್ಲ. ಏಕೆ ಕೊಡಲಿಲ್ಲ ಎನ್ನುವುದು ತಿಳಿಯಬೇಕಾದರೆ ಮೊದಲು ಈ ಕೆಲಸ ಎಂಥದೆಂದು ಸ್ವಲ್ಪ ತಿಳಿಯಬೇಕು.

ನನಗೆ ಕೆಲಸ ಕಲಿಸಿದವರು ತಮ್ಮಣ್ಣನವರು. ಕಚೇರಿಯ ಹಿರಿಯ ಕಾರಕೂನರು, ನಶ್ಯದ ಡಬ್ಬಿ ಇಲ್ಲದೆ ಪೆನ್ನು ಹಿಡಿಯದವರು. ನಾನು ಕಾಲೇಜಿನಲ್ಲಿ ಕನ್ನಡಕ್ಕೆ ಮೊದಲನೆಯವನಾಗಿ ಬಂದಿದ್ದೆ. ತಪ್ಪು ಅಕ್ಷರ ಕಂಡರೆ ಕಣ್ಣಿಗೆ ಮರಳು ಬಿದ್ದಂತಾಗುತ್ತಿತ್ತು. ತಮ್ಮಣ್ಣನವರಿಗೆ ಇದು ಮೊದಲ ವಾರವೇ ಗೊತ್ತಾಗಿರಬೇಕು.

“ಅವರು ಹೇಳಿದ್ದು ಬರಿ. ನಿನ್ನ ಶಾಣ್ಯಾತನ ಮನ್ಯಾಗ ಇಟ್ಟು ಬಾ,” ಎಂದರು.

ನಾನು ಕೇಳಲಿಲ್ಲ. ಒಬ್ಬ ರೈತ ಮಗಳ ಹೆಸರು ಸರಸೋತಿ ಎಂದು ಬರೆಸಿದ. ನಾನು ಸರಸ್ವತಿ ಎಂದು ಬರೆದೆ, ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ಹುಡುಗಿ ಶಾಲೆಗೆ ಸೇರುವ ಹೊತ್ತಿಗೆ ಅಪ್ಪ ತಿರುಗಿ ಬಂದ. ಶಾಲೆಯಲ್ಲಿ ಸರಸೋತಿ, ರೇಷನ್ ಕಾರ್ಡಿನಲ್ಲಿ ಸರಸೋತಿ, ನನ್ನ ಕಾಗದದಲ್ಲಿ ಮಾತ್ರ ಸರಸ್ವತಿ. ನಾನು ಅವನಿಗೆ ಸರಿಯಾದ ರೂಪ ಯಾವುದೆಂದು ತಿಳಿಸಿ ಹೇಳಲು ಹೋದೆ. ಅವನು ಸಮಾಧಾನದಿಂದಲೇ, ಅದು ತನ್ನ ಅವ್ವನ ಹೆಸರು, ತನ್ನ ಅವ್ವ ಸರಸ್ವತಿ ಅಲ್ಲ ಎಂದ. ತಮ್ಮಣ್ಣನವರು ನನಗೆ ಒಂದು ಮಾತೂ ಬೈಯಲಿಲ್ಲ. ತಿದ್ದುಪಡಿಯ ಅರ್ಜಿಯನ್ನು ನನ್ನ ಕೈಯಿಂದಲೇ ಬರೆಸಿ, ಆ ರೈತನಿಗೆ ನೀರು ತಂದುಕೊಡು ಎಂದು ನನ್ನನ್ನೇ ಕಳಿಸಿದರು. ಆಗ ನನಗೆ ಸಿಟ್ಟು ಬಂದಿತ್ತು, ಬುದ್ಧಿ ಬಂದಿರಲಿಲ್ಲ.

ಮುಂದೆ ಕಾಲ ಕೆಟ್ಟಿತು. ಜನ ಅಕ್ಷರಗಳನ್ನು ಜ್ಯೋತಿಷಿಯಿಂದ ಬರೆಸಿಕೊಂಡು ಬರತೊಡಗಿದರು. ಒಮ್ಮೆ ದೇವರ ಹಿಪ್ಪರಗಿ ಕಡೆಯ ಒಬ್ಬ ವ್ಯಾಪಾರಿ ಹೆಂಡತಿ, ತಂಗಿ, ಕೂಸು ಎಲ್ಲರನ್ನೂ ಕಟ್ಟಿಕೊಂಡು ಬಂದ. ತೊಟ್ಟಿಲಲ್ಲಿ ಹಾಕಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಅಧಿಕಾರ ನಮ್ಮಲ್ಲಿ ಸೋದರತ್ತೆಯದು, ಅಂದರೆ ಆ ತಂಗಿಯದು. ಅವಳು ಸೃಷ್ಟಿ ಎಂದು ಹೇಳಿಯಾಗಿತ್ತು. ಆದರೆ ಇಂಗ್ಲಿಷಿನಲ್ಲಿ ಎಷ್ಟು ಎಚ್, ಎಷ್ಟು ಐ ಎನ್ನುವುದಕ್ಕೆ ಅಣ್ಣನ ಕೈಯಲ್ಲಿ ಒಂದು ಚೀಟಿ, ತಂಗಿಯ ಮೊಬೈಲಿನಲ್ಲಿ ಇನ್ನೊಂದು. ಕಿವಿಯಲ್ಲಿ ಹೇಳಿದವಳು ತಾನು, ಅಕ್ಷರವೂ ತನ್ನದೇ ಎಂದು ಅವಳ ಹಟ. ಹಡೆದವಳು ಗೋಡೆಗೆ ಒರಗಿ ನಿಂತಿದ್ದಳು, ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಒಂದು ತಾಸು ಹೀಗೇ ಹೋಯಿತು. ಅವರ ಹಿಂದೆ ಅಪ್ಪನ ಮರಣ ಬರೆಸಲು ಬಂದ ಒಬ್ಬ ಮುದುಕ ನಿಂತಿದ್ದ. ಕಡೆಗೆ ಅವನು ಕಿಡಕಿಯೊಳಗೆ ತಲೆ ಹಾಕಿ ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ.

“ಸತ್ತವರಿಗೆ ಅಕ್ಷರ ಹ್ಯಾಂಗಿದ್ದರೂ ನಡಿತೈತ್ರಿ. ನಂದು ಮೊದಲ ಬರಕೊಂಡು ಬಿಡ್ರಿ.”

ನಾವೆಲ್ಲ ನಕ್ಕೆವು. ಸತ್ತವರಿಗೆ ಅಕ್ಷರ ಹೇಗಿದ್ದರೂ ನಡೆಯುವುದಿಲ್ಲ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ತಪ್ಪು ಹುಟ್ಟಿದ್ದು ಅಲ್ಲಿಯೇ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ಕೂಸು ತಾಯಿಯ ತವರೂರಿನಲ್ಲಿ ಹುಟ್ಟುತ್ತದೆ, ತಾಯಿಯ ಅಪ್ಪನೋ ಅಣ್ಣನೋ ಅಲ್ಲಿಯ ಕಚೇರಿಗೆ ಹೋಗಿ ಬರೆಸುತ್ತಾರೆ. ಐದನೆಯ ತಿಂಗಳಿಗೆ ತೊಟ್ಟಿಲು, ಹಾಸಿಗೆ, ಬೆಳ್ಳಿಯ ಉಡದಾರ ಎಲ್ಲ ಹೊರಿಸಿ ತಾಯಿಮಗುವನ್ನು ಗಂಡನ ಮನೆಗೆ ಕಳಿಸುತ್ತಾರೆ. ಅಲ್ಲಿಯ ಅಜ್ಜನಿಗೆ ಸಮಾಧಾನವಿಲ್ಲ. ನಮ್ಮ ವಂಶದ ಕೂಸು ಬೀಗರ ಊರಿನ ದಫ್ತರದಲ್ಲಿ ಏಕಿರಬೇಕು ಎಂದು ತನ್ನೂರಿನಲ್ಲೇ ಹುಟ್ಟಿತೆಂದು ಇನ್ನೊಮ್ಮೆ ಬರೆಸುತ್ತಾನೆ. ಹೆಸರು ಸ್ವಲ್ಪ ಬೇರೆ, ಅಕ್ಷರ ಬೇರೆ, ಹುಟ್ಟಿದ ದಿನ ಬಾಯಿಗೆ ಬಂದದ್ದು. ಹೀಗೆ ಎರಡು ಸಲ ಹುಟ್ಟಿದವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನರಿದ್ದಾರೆ. ನನ್ನ ಹೆಂಡತಿಯೇ ಎರಡು ಸಲ ಹುಟ್ಟಿದ್ದಾಳೆ, ಎರಡು ವರ್ಷದ ಅಂತರದಲ್ಲಿ. ಯಾವುದು ಕಿರಿಯ ವಯಸ್ಸೋ ಅದನ್ನೇ ಅವಳು ನಂಬುತ್ತಾಳೆ.

ಈಗ ರುಕ್ಮಿಣಿಯ ಸಂಗತಿಗೆ ಬರುತ್ತೇನೆ.

ರುಕ್ಮಿಣಿಯ ಗಂಡನ ಮನೆ ಭೀಮೆಯ ಕಡೆ. ತಲೆಮಾರುಗಳಿಂದ ಹೊಲಮನೆ ಇದ್ದ ವೈಷ್ಣವರು. ಒಳಗೆ ಮರಾಠಿ, ಹೊರಗೆ ಕನ್ನಡ. ಗಂಡ ಶಾಲೆಯ ಮಾಸ್ತರ, ತಾಯಿಯ ಮುಂದೆ ಬಾಯಿ ಬಿಡದವನು. ತವರು ಕೃಷ್ಣೆಯ ಕಡೆ, ಬೇರೆ ತಾಲ್ಲೂಕು. ಅಪ್ಪ ನಿವೃತ್ತ ಕನ್ನಡ ಶಿಕ್ಷಕರು. ನಾನು ಆಗ ಗಂಡನ ಊರಿನ ಕಡೆಯ ಕಚೇರಿಯಲ್ಲಿದ್ದೆ. ಒಂದು ಮಧ್ಯಾಹ್ನ ಮೂವರು ಬಂದರು. ಮುಂದೆ ಅತ್ತೆ ಗೋದೂಬಾಯಿ, ನಡುವೆ ಮಾಸ್ತರ, ಹಿಂದೆ ಕುಂಚಿಗೆ ಕಟ್ಟಿದ ಹೆಣ್ಣುಕೂಸನ್ನು ಎದೆಗವಚಿಕೊಂಡ ರುಕ್ಮಿಣಿ. ಹುಟ್ಟಿದ್ದು ಬರೆಸಿಯಾಗಿತ್ತು, ಹೆಸರಿನ ಜಾಗ ಖಾಲಿ ಇತ್ತು. ಅದನ್ನು ತುಂಬಿಸಲು ಬಂದಿದ್ದರು.

ಗೋದೂಬಾಯಿ ಜಾಹ್ನವಿ ಎಂದು ಬರೆಯಲು ಹೇಳಿದರು. ನಾನು ಪೆನ್ನು ಎತ್ತಿದೆ. ಹಿಂದಿನಿಂದ “ಬ್ಯಾಡ್ರಿ” ಎಂಬ ದನಿ ಬಂತು. ಸೊಸೆ ಅತ್ತೆಯ ಮಾತಿಗೆ ಅಡ್ಡ ಬಂದದ್ದನ್ನು ಆ ಕಿಡಕಿಯಲ್ಲಿ ನಾನು ನೋಡಿದ್ದು ಅದೇ ಮೊದಲು.

ವಿಷಯ ಹೀಗಿತ್ತು. ರುಕ್ಮಿಣಿಯ ಚೊಚ್ಚಲ ಮಗುವೂ ಹೆಣ್ಣೇ. ತವರಿನಲ್ಲಿ ಹುಟ್ಟಿತು, ಅಜ್ಜ ಪ್ರೀತಿಯಿಂದ ಜಾಹ್ನವಿ ಎಂದು ಅಲ್ಲಿಯೇ ಬರೆಸಿದರು. ಒಂಬತ್ತು ತಿಂಗಳಿಗೆ ಜ್ವರ ಬಂದು ಹೋಯಿತು. ಹಾಲುಗೂಸು ಸತ್ತರೆ ನಮ್ಮ ಕಡೆ ಯಾರೂ ಕಚೇರಿಗೆ ಬರುವುದಿಲ್ಲ. ಮಣ್ಣು ಮಾಡಿ, ಮನೆ ಸಾರಿಸಿ, ಆ ಮಾತು ಎತ್ತಬೇಡಿ ಎನ್ನುತ್ತಾರೆ. ಹಾಗಾಗಿ ಆ ಮಗು ಹುಟ್ಟಿದ್ದಕ್ಕೆ ದಾಖಲೆ ಇತ್ತು, ಸತ್ತದ್ದಕ್ಕೆ ಇರಲಿಲ್ಲ. ಈಗ ಎರಡನೆಯದು ಹುಟ್ಟಿತ್ತು, ಅದರ ಕಿವಿಯ ಹಿಂದೆ ಮೊದಲನೆಯದಕ್ಕೆ ಇದ್ದಂಥದೇ ಮಚ್ಚೆ.

“ಅದೇ ಕೂಸು ತಿರುಗಿ ಬಂದದ,” ಎಂದರು ಗೋದೂಬಾಯಿ. “ಹೆಸರು ಬದಲ ಮಾಡಿದ್ರ ಮತ್ತ ಮುನಿಸಿಕೊಂಡು ಹೋಗ್ತದ.”

ಆ ಮುದುಕಿಯದು ದುಷ್ಟತನವಲ್ಲ, ಭಯ. ಹೋದ ಕೂಸೇ ಮರಳಿ ಬಂದಾಗ ಅದೇ ಹೆಸರಿಟ್ಟು ಕಟ್ಟಿಹಾಕಬೇಕು ಎನ್ನುವುದು ನಮ್ಮ ಕಡೆಯ ಹಳೆಯ ನಂಬಿಕೆ. ನನ್ನ ಸ್ವಂತ ಸೋದರಮಾವನಿಗೂ ಸತ್ತ ಅಣ್ಣನ ಹೆಸರೇ ಇಟ್ಟಿದ್ದರು.

ರುಕ್ಮಿಣಿ ಅಳಲಿಲ್ಲ. ಕೂಸಿನ ಕುಂಚಿಗೆ ಸರಿಮಾಡುತ್ತ ನನ್ನ ಕಡೆ ನೋಡಿ ಹೇಳಿದಳು. “ಇಕಿ ಬ್ಯಾರೆ, ಆಕಿ ಬ್ಯಾರೆ ಅದಾರ್ರಿ. ಇಬ್ಬರಿಗೂ ಒಂದ ಹೆಸರು ಇಟ್ರ, ಹೋದಾಕಿನ್ನ ಕರದ್ರ ಇದ್ದಾಕಿ ಓ ಅಂತಾಳ. ಆಮ್ಯಾಲ ಹೋದಾಕಿನ್ನ ನಾ ಹ್ಯಾಂಗ ಕರೀಲಿ?”

ಅತ್ತೆ ಮುಖ ತಿರುಗಿಸಿದರು. ಮಾಸ್ತರ ಗೋಡೆಯ ಕ್ಯಾಲೆಂಡರ್ ಓದತೊಡಗಿದ. ತಮ್ಮಣ್ಣನವರಾಗಿದ್ದರೆ ಮನೆಗೆ ಹೋಗಿ ಮಾತಾಡಿಕೊಂಡು ಬನ್ನಿ ಎಂದು ಕಳಿಸುತ್ತಿದ್ದರು. ನನ್ನ ಶಾಣ್ಯಾತನ ಮನೆಯಲ್ಲಿರಲಿಲ್ಲ, ನನ್ನ ಜೊತೆಗೇ ಕಚೇರಿಗೆ ಬಂದಿತ್ತು. ಮೊದಲನೆಯದರ ಹೆಸರನ್ನು ಹೇಗೆ ಬರೆಸಿದ್ದರು ಎಂದು ಕೇಳಿದೆ. ಅಜ್ಜ ಕನ್ನಡದ ಮಾಸ್ತರರಲ್ಲವೇ, ಪುಸ್ತಕದಲ್ಲಿದ್ದಂತೆ ಹಕಾರ ಮೇಲೆ, ನಕಾರ ಕೆಳಗೆ, ಜಾಹ್ನವಿ ಎಂದೇ ಬರೆಸಿದ್ದರು. ಗಂಡನ ಮನೆಯಲ್ಲಿ ಮರಾಠಿಯ ರೂಢಿ, ಅಲ್ಲಿ ನಕಾರ ಮೇಲೆ, ಹಕಾರ ಕೆಳಗೆ, ಜಾನ್ಹವಿ. ಎರಡೂ ಚಾಲ್ತಿಯಲ್ಲಿರುವ ರೂಪಗಳೇ. ನಾನು ಒಂದು ಚೀಟಿಯಲ್ಲಿ ಎರಡನ್ನೂ ಬರೆದು ತೋರಿಸಿದೆ. ಬಾಯಿಂದ ಕರೆಯುವಾಗ ಗೋದೂಬಾಯಿ ಬೇಡಿದ ಹೆಸರೇ, ಕಾಗದದಲ್ಲಿ ನೋಡಿದರೆ ಇಬ್ಬರೂ ಬೇರೆ ಬೇರೆ ಎಂದೆ. ಗೋದೂಬಾಯಿಗೆ ತಮ್ಮ ಮನೆಯ ಬರಹವೇ ಬಂತೆಂದು ಖುಷಿಯಾಯಿತು. ಮಾಸ್ತರನಿಗೆ ಬದುಕಿದೆಯಾ ಬಡಜೀವವೇ ಎನ್ನುವಂತಾಯಿತು.

ರುಕ್ಮಿಣಿ ಆ ಚೀಟಿಯನ್ನು ಬಹಳ ಹೊತ್ತು ನೋಡಿದಳು. ಈ ಅಕ್ಷರ ಆಕೆಯದು, ಈ ಅಕ್ಷರ ಈಕೆಯದು, ಹೌದೇ ಎಂದು ಕೇಳಿದಳು. ಹೌದು ತಂಗಿ ಎಂದೆ. ಆಮೇಲೆ ಅವಳು ಕೇಳಿದ್ದು ಇಷ್ಟು.

“ಆಕಿದು ಅಳಿಸಿ ಹೋಗೂದಿಲ್ಲಲ್ರಿ?”

“ಸರಕಾರಿ ಪುಸ್ತಕದಾಗ ಬರದದ್ದು ಅಳಸಾಕ ಬರಂಗಿಲ್ಲ ತಂಗಿ. ನಾನ ಹೇಳಾಕತ್ತೇನಿ,” ಎಂದೆ.

ಅವಳು ಒಪ್ಪಿದಳು. ನಾನು ಜಾನ್ಹವಿ ಎಂದು ದುಂಡಗೆ ಬರೆದೆ. ಅವತ್ತು ಮನೆಗೆ ಹೋಗಿ ಹೆಂಡತಿಗೆ ಈ ಕತೆ ಹೇಳಿದೆ. ನನ್ನ ಜಾಣತನವನ್ನು ಎಷ್ಟೋ ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಹೇಳಿಕೊಂಡಿದ್ದೇನೆ. ಕಾಲಕ್ರಮೇಣ ಕತೆ ಉಳಿಯಿತು, ಆ ಜನರ ಮುಖ, ಅಡ್ಡಹೆಸರು, ಊರು ಎಲ್ಲ ಮರೆತುಹೋದವು. ಹೇಳಿ ಹೇಳಿ ಸವೆಸಿದ ಕತೆಗೆ ಹಾಗೇ ಆಗುತ್ತದೆ.

ಆಮೇಲೆ ಕಂಪ್ಯೂಟರ್ ಬಂತು. ಹಳೆಯ ಪುಸ್ತಕಗಳನ್ನೆಲ್ಲ ಅದರೊಳಗೆ ತುಂಬಬೇಕೆಂದರು. ಹಳೆಯ ಪದ್ಧತಿಯಲ್ಲಿ ಬರೆದ ಮೇಲೆ ಹೆಸರನ್ನು ಓದಿ ಹೇಳುತ್ತಿದ್ದೆವು, ಬಂದವರು ಹೂಂ ಎಂದ ಮೇಲೆ ಪುಸ್ತಕ ಮುಚ್ಚುತ್ತಿದ್ದೆವು. ಕಂಪ್ಯೂಟರಿಗೆ ಯಾರ ಹೂಂ ಕೂಡ ಬೇಕಾಗಿರಲಿಲ್ಲ. ನನಗೆ ಅಷ್ಟರಲ್ಲಿ ಕೃಷ್ಣೆಯ ಕಡೆಯ ಕಚೇರಿಗೆ ವರ್ಗವಾಗಿತ್ತು. ಅದು ರುಕ್ಮಿಣಿಯ ತವರಿನ ತಾಲ್ಲೂಕು ಎನ್ನುವುದು ನನ್ನ ನೆನಪಿನಲ್ಲಿರಲಿಲ್ಲ.

ಒಂದು ದಿನ ಮೇಲಿನಿಂದ ಒಂದು ಉದ್ದ ಪಟ್ಟಿ ಬಂತು. ತಂದೆ ತಾಯಿ ಹೆಸರು ಒಂದೇ, ಮಗುವಿನ ಹೆಸರು ಹತ್ತಿರ ಹತ್ತಿರ, ಆದರೆ ಎರಡು ಕಡೆ ದಾಖಲೆ. ಇಂಥವೆಲ್ಲ ಎರಡು ಸಲ ಬರೆಸಿದವು, ಪರಿಶೀಲಿಸಿ ಒಂದನ್ನು ರದ್ದು ಮಾಡಿ ಎಂದು ಆದೇಶ. ಗಂಡನ ಊರಿನದು ಉಳಿಯಲಿ, ತವರಿನದು ಹೋಗಲಿ ಎಂದು ನಮ್ಮ ಸಾಹೇಬರು ಒಂದು ಸೂತ್ರ ಮಾಡಿದರು. ಊರಿಗೆ ಹೋಗಿ ವಿಚಾರಿಸಬೇಕೆಂದು ಆದೇಶದಲ್ಲೇ ಇತ್ತು. ನಾನು ನೆನಪಿಸಿದೆ. ಯಾವ ಜೀಪಿನಲ್ಲಿ ಹೋಗುತ್ತೀರಿ, ಶನಿವಾರದೊಳಗೆ ಮುಗಿಯಬೇಕು, ಟೇಬಲ್ ಮೇಲೆಯೇ ಮುಗಿಸಿ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ನಿಯಮ ಬರೆದವರು ಕೊಟ್ಟ ಅವಕಾಶವನ್ನು ನಾವೇ ಬಾಗಿಲಲ್ಲಿ ತಡೆದೆವು.

ನಾನು ಸಾಹೇಬರ ಮೇಲೆ ಹೊರೆ ಹಾಕಿ ಪಾರಾಗುವುದಿಲ್ಲ. ಬಾಯಿ ಅವರದು, ಕೈ ನನ್ನದು. ಪಟ್ಟಿಯ ಒಂದೊಂದೇ ಸಾಲು ನೋಡುವುದು, ಹಳೆಯ ಪುಸ್ತಕ ತೆರೆಯುವುದು, ಪಕ್ಕದ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಎರಡು ಬಾರಿ ನೋಂದಣಿ, ರದ್ದುಪಡಿಸಿದೆ’ ಎಂದು ಬರೆದು ಸಹಿ ಹಾಕುವುದು. ಜಾಹ್ನವಿ ಮತ್ತು ಜಾನ್ಹವಿ ಕೂಡ ಹೀಗೆಯೇ ನನ್ನ ಬೆರಳಿನ ಕೆಳಗೆ ಬಂದವು. ಹುಟ್ಟಿದ ದಿನಗಳ ನಡುವೆ ಒಂದೂವರೆ ವರ್ಷಕ್ಕಿಂತ ಹೆಚ್ಚಿನ ಅಂತರವಿತ್ತು. ನನ್ನ ಹೆಂಡತಿಯೇ ಎರಡು ವರ್ಷದ ಅಂತರದಲ್ಲಿ ಹುಟ್ಟಿದವಳಲ್ಲವೇ, ನನಗೆ ಅದು ವಿಶೇಷ ಅನ್ನಿಸಲಿಲ್ಲ. ಇದ್ಯಾವನೋ ಮರಾಠಿ ರೂಢಿಯವನು ತಿರುಗಿಸಿ ಬರೆಸಿದ್ದಾನೆ ಎಂದು ತುಟಿ ಕೊಂಕಿಸಿದ್ದು ಮಾತ್ರ ನೆನಪಿದೆ. ನಾನೇ ಆರಿಸಿ ಕೊಟ್ಟ ಅಕ್ಷರಗಳನ್ನು ನಾನೇ ಗುರುತು ಹಿಡಿಯಲಿಲ್ಲ. ಸರಕಾರಿ ಪುಸ್ತಕದಲ್ಲಿ ಬರೆದದ್ದನ್ನು ಅಳಿಸಲು ಬರುವುದಿಲ್ಲ ಎಂದು ನಾನು ಹೇಳಿದ್ದು ಸುಳ್ಳಲ್ಲ. ಅಳಿಸಲು ಬರುವುದಿಲ್ಲ, ರದ್ದು ಮಾಡಲು ಬರುತ್ತದೆ.

ನನ್ನ ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು, ಕೃಷ್ಣೆಯ ಕಡೆಯ ಅದೇ ಕಚೇರಿಯಲ್ಲಿದ್ದೆ. ಕಿಡಕಿಯಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಕಂಡು ಅವಳ ಮುಖ ಅರಳಿತು. ಅಂದು ಅಕ್ಷರ ಬೇರೆ ಮಾಡಿ ಕೊಟ್ಟ ಕಾರಕೂನರು ನೀವೇ ಅಲ್ಲವೇ ಎಂದಳು. ಆಗ ನನಗೆ ಎಲ್ಲ ನೆನಪಾಯಿತು, ಸಂತೋಷವೂ ಆಯಿತು. ಅತ್ತೆ ತೀರಿಕೊಂಡಿದ್ದಾರಂತೆ. ಎರಡನೆಯ ಮಗಳು ಜಾನ್ಹವಿ ಕಾಲೇಜಿಗೆ ಹೋಗುತ್ತಾಳಂತೆ. ಅಪ್ಪನ ವರ್ಷಾಂತಿಕಕ್ಕೆ ತವರಿಗೆ ಬಂದವಳು ಅಪ್ಪನ ಟ್ರಂಕು ತೆರೆದರೆ ಒಳಗಿನ ಕಾಗದಗಳನ್ನೆಲ್ಲ ಗೆದ್ದಲು ತಿಂದಿತ್ತು. ಮೊದಲ ಮಗಳ ಜನನ ಪತ್ರವೂ ಅದರಲ್ಲೇ ಇತ್ತು. ಮನೆಯಲ್ಲಿ ಆ ಮಗುವಿನ ಫೋಟೋ ಇಲ್ಲ, ಅಂಗಿ ಇಲ್ಲ, ಮಾತೆತ್ತುವವರಿಲ್ಲ. ಇನ್ನೊಂದು ಪ್ರತಿ ತೆಗೆದುಕೊಡಿ ಎಂದಳು. ಅರ್ಜಿಯಲ್ಲಿ ‘ಯಾವ ಉದ್ದೇಶಕ್ಕೆ’ ಎಂಬ ಜಾಗ ಖಾಲಿ ಬಿಟ್ಟಿದ್ದಳು. ಏನು ಬರೆಯಲಿ ಎಂದು ಕೇಳಿದೆ.

“ಇಟ್ಟುಕೊಳ್ಳಿಕ್ಕ ಅಂತ ಬರೀರಿ,” ಎಂದಳು.

ಕಂಪ್ಯೂಟರಿನಲ್ಲಿ ಹುಡುಕಿದೆ, ಇರಲಿಲ್ಲ. ಹಳೆಯದಲ್ಲವೇ, ಬಿಟ್ಟುಹೋಗಿರಬೇಕು, ಪುಸ್ತಕವನ್ನೇ ನೋಡುತ್ತೇನೆ ಎಂದು ಒಳಗೆ ಹೋದೆ. ಕಪಾಟು ತೆರೆದು ಆ ವರ್ಷದ ಪುಸ್ತಕ ಇಳಿಸಿ ಹಾಳೆ ತಿರುವಿದೆ. ಅಜ್ಜ ಬರೆಸಿದ ಜಾಹ್ನವಿ ಅಲ್ಲಿತ್ತು. ಪಕ್ಕದಲ್ಲಿ ಕೆಂಪು ಶಾಯಿ, ಅದರ ಕೆಳಗೆ ನನ್ನ ಸಹಿ. ಅಲ್ಲೇ ಪುಸ್ತಕಗಳ ಗಂಟಿನ ಮೇಲೆ ಕುಳಿತುಬಿಟ್ಟೆ.

ಸಾಹೇಬರ ಕೋಣೆಗೆ ಹೋಗಿ ವಿಷಯ ಹೇಳಿದೆ. ಇವರು ಆ ಹಳೆಯ ಸಾಹೇಬರಲ್ಲ, ಹೊಸಬರು, ಕೆಟ್ಟವರೂ ಅಲ್ಲ. ರದ್ದತಿಯನ್ನು ರದ್ದು ಮಾಡಲು ಜಿಲ್ಲೆಗೆ ಬರೆಯಬೇಕು, ಅವರು ವಿಚಾರಿಸದೆ ಹೇಗೆ ಸಹಿ ಹಾಕಿದಿರಿ ಎಂದು ಕೇಳುತ್ತಾರೆ, ಒಂದು ತೆರೆದರೆ ಆ ಪಟ್ಟಿಯೆಲ್ಲ ತೆರೆಯುತ್ತದೆ, ನಿಮ್ಮ ಮೇಲೆ ವಿಚಾರಣೆ ನಡೆದು ಪಿಂಚಣಿ ನಿಲ್ಲುತ್ತದೆ ಎಂದು ವಿವರಿಸಿದರು. ಕಡೆಗೆ ಕನ್ನಡಕ ತೆಗೆದಿಟ್ಟು ನನ್ನನ್ನೇ ನೋಡಿದರು.

“ನಿಮ್ಮ ರಿಟೈರ್ಮೆಂಟ್ ಇನ್ನ ಎಷ್ಟ ದಿನ ಐತ್ರಿ?”

ನಾಲ್ಕು ತಿಂಗಳು ಎಂದೆ. ದಾಖಲೆ ಲಭ್ಯವಿಲ್ಲ ಎಂದು ಒಂದು ಪತ್ರ ಕೊಟ್ಟು ಕಳಿಸಿ, ಆ ತಾಯಿಗೇನು, ಇಟ್ಟುಕೊಳ್ಳಲು ತಾನೇ ಕೇಳುತ್ತಿದ್ದಾಳೆ ಎಂದರು. ಹೆದರಿಕೆ ಎನ್ನುವುದು ಎಷ್ಟು ಅಗ್ಗದ ವಸ್ತು ನೋಡಿ. ವಿಚಾರಣೆ ಎಂಬ ಒಂದು ಶಬ್ದಕ್ಕೆ ನಾನು ಬೆವತುಹೋದೆ. ಪುಸ್ತಕವನ್ನು ಮತ್ತೆ ಕಪಾಟಿನಲ್ಲಿಟ್ಟೆ. ಹೊರಗೆ ಬಂದು, ಸಿಗಲಿಲ್ಲ ತಂಗಿ ಎಂದೆ. ಅವಳು ನಂಬಿದಳು. ನಾನು ಹೇಳಿದ್ದೇನಲ್ಲ, ನನ್ನ ಮಾತನ್ನು ಅವಳು ಮೊದಲಿನಿಂದಲೂ ನಂಬುತ್ತಿದ್ದಳು.

ಪತ್ರವನ್ನು ನಾನೇ ಸಿದ್ಧಪಡಿಸಿದೆ. ಗಂಡನ ಹೆಸರು, ರುಕ್ಮಿಣಿಯ ಹೆಸರು, ‘ಇವರ ಮಗಳು ಕುಮಾರಿ ಜಾಹ್ನವಿ, ಇವಳ ಜನನದ ಬಗ್ಗೆ ಈ ಕಚೇರಿಯ ದಾಖಲೆಗಳಲ್ಲಿ ಯಾವುದೇ ನಮೂದು ಕಂಡುಬಂದಿರುವುದಿಲ್ಲ’ ಎಂಬ ಒಕ್ಕಣೆ. ಅಕ್ಷರವನ್ನು ಮಾತ್ರ ಅಜ್ಜ ಬರೆಸಿದಂತೆಯೇ ಬರೆದೆ. ಅಷ್ಟು ಮಾಡಿದೆನಲ್ಲ ಎಂದು ಆಗ ಸಮಾಧಾನ ಪಟ್ಟುಕೊಂಡದ್ದು ನೆನೆದರೆ ಈಗ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ರುಕ್ಮಿಣಿ ಕಿಡಕಿಯ ಬೆಳಕಿಗೆ ಹಿಡಿದು ಓದಿದಳು. ಕಂಡುಬಂದಿರುವುದಿಲ್ಲ ಎನ್ನುವಲ್ಲಿ ಅಳುತ್ತಾಳೆ ಎಂದು ನಾನು ತಲೆ ತಗ್ಗಿಸಿಕೊಂಡಿದ್ದೆ. ಅವಳ ಕಣ್ಣು ಅಲ್ಲಿಯವರೆಗೆ ಹೋಗಲೇ ಇಲ್ಲ.

“‘ಇವರ ಮಗಳು’ ಅಂತ ಬರದೀರಿ,” ಎಂದಳು. “ಆಕಿದ ಅಕ್ಷರ ಹಾಕೀರಿ. ಸರಕಾರದ ಕಾಗದದಾಗ ಇಷ್ಟು ಇದ್ರ ನನಗ ಸಾಕ್ರಿ.”

ಶಿಕ್ಕಾ ಸ್ವಲ್ಪ ಒತ್ತಿ ಹಾಕಿ, ಚೆನ್ನಾಗಿ ಮೂಡಲಿ ಎಂದು ಕೇಳಿಕೊಂಡಳು. ನಾನು ಒತ್ತಿ ಹಾಕಿದೆ. ನಿಮಗೆ ಪುಣ್ಯ ಬರಲಿ ಎಂದು ಕೈ ಮುಗಿದು ಹೋದಳು. ಅಷ್ಟು ವರ್ಷದ ನೌಕರಿಯಲ್ಲಿ ಆ ಕಿಡಕಿಯ ಮುಂದೆ ನಿಂತು ನನಗೆ ಅಷ್ಟು ಮನಸಾರೆ ಕೈ ಮುಗಿದವರು ಇನ್ನೊಬ್ಬರಿಲ್ಲ.

ಬೀಳ್ಕೊಡುಗೆಯ ದಿನ ಹಾರ, ಶಾಲು, ತೆಂಗಿನಕಾಯಿ ಎಲ್ಲ ಆದವು. ಇವರ ಕೈಯಲ್ಲಿ ಒಂದು ಅಕ್ಷರವೂ ತಪ್ಪಿಲ್ಲ ಎಂದು ಸಾಹೇಬರು ಭಾಷಣ ಮಾಡಿದರು. ನಾನು ಶಾಲು ಹೊದ್ದು ಕುಳಿತಿದ್ದೆ, ಸೆಕೆಗೆ ಮೈಯೆಲ್ಲ ತುರಿಸುತ್ತಿತ್ತು.

ನಿವೃತ್ತಿಯ ಮೇಲೆ ಮನೆಯಲ್ಲಿ ಊಟ ರುಚಿಸಲಿಲ್ಲ. ಹೆಂಡತಿ ಏನಾಗಿದೆ ಎಂದು ಗಂಟು ಬಿದ್ದಳು, ಹೇಳಿದೆ. ಅವಳು ಕೇಳಿ, ಹೋಗಿ ಸರಿ ಮಾಡಿ ಬನ್ನಿ, ಇಲ್ಲವಾದರೆ ನನ್ನ ಎದುರು ಹೀಗೆ ಮುಖ ಇಟ್ಟುಕೊಂಡು ಕೂರಬೇಡಿ ಎಂದಳು. ಪಿಂಚಣಿಯ ಕಾಗದಗಳೆಲ್ಲ ಮಂಜೂರಾಗಿದ್ದವು. ಧೈರ್ಯ ಬಂದದ್ದು ಆಮೇಲೆಯೇ ಎನ್ನುವುದನ್ನೂ ಬರೆದುಬಿಡುತ್ತೇನೆ.

ಕಚೇರಿಗೆ ಹೋದೆ. ನನ್ನ ಕುರ್ಚಿಯಲ್ಲಿ ಶಿವಲೀಲಾ ಎಂಬ ಹುಡುಗಿ ಇದ್ದಾಳೆ, ನಾನೇ ಕೆಲಸ ಕಲಿಸಿದವಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಪುಸ್ತಕ ತೆರೆದು ನೋಡಿ, ದಾರಿ ಇದೆ ಎಂದಳು. ವಿಚಾರಿಸದೆ ರದ್ದು ಮಾಡಿದೆ ಎಂದು ನಾನು ಹೇಳಿಕೆ ಬರೆದುಕೊಡಬೇಕು, ತಾಯಿ ಅರ್ಜಿ ಕೊಡಬೇಕು. ಜೊತೆಗೆ ದಾಖಲೆ ಲಭ್ಯವಿಲ್ಲ ಎಂದು ಕೊಟ್ಟ ಪತ್ರದ ಅಸಲನ್ನು ವಾಪಸ್ ಒಪ್ಪಿಸಬೇಕು. ಇಲ್ಲ ಎಂದು ಒಂದು ಪತ್ರ, ಇದೆ ಎಂದು ಇನ್ನೊಂದು ಪತ್ರ, ಎರಡೂ ಒಂದೇ ಕಚೇರಿಯಿಂದ ಹೊರಗಿರಲು ಬರುವುದಿಲ್ಲ. ಸರಿಯಾಗಿಯೇ ಹೇಳಿದಳು. ಹೇಳಿಕೆಯನ್ನು ಅಲ್ಲೇ ಕುಳಿತು ಬರೆದುಕೊಟ್ಟು ಸಹಿ ಹಾಕಿದೆ. ಮಾರನೆಯ ದಿನ ಬಸ್ಸು ಹತ್ತಿ ಭೀಮೆಯ ಕಡೆಗೆ ಹೊರಟೆ.

ಬಾಗಿಲು ತೆರೆದವಳು ಆ ಮನೆಯ ಜಾನ್ಹವಿ. ನಾನು ದುಂಡಗೆ ಬರೆದ ಹೆಸರು ಆಳೆತ್ತರ ಬೆಳೆದು ನಿಂತಿತ್ತು. ತಾಯಿಯನ್ನು ಕರೆದಳು. ರುಕ್ಮಿಣಿ ಸಂಭ್ರಮದಿಂದ ಚಾಪೆ ಹಾಸಿದಳು. ಆ ಪತ್ರಕ್ಕೆ ಪ್ಲಾಸ್ಟಿಕ್ ಹಾಳೆ ಹಾಕಿಸಿದ್ದೇನೆ, ಗೆದ್ದಲಿನ ಭಯವಿಲ್ಲ ಎಂದು ಟ್ರಂಕಿನಿಂದ ತೆಗೆದು ತಂದು ತೋರಿಸಿದಳು. ಅದನ್ನು ಅವಳ ಕೈಯಲ್ಲಿ ನೋಡುತ್ತಲೇ ನಾನು ಎಲ್ಲವನ್ನೂ ಹೇಳಿದೆ. ಪಟ್ಟಿ, ಕೆಂಪು ಶಾಯಿ, ಸಾಹೇಬರ ಪ್ರಶ್ನೆ, ಯಾವುದನ್ನೂ ಬಿಡಲಿಲ್ಲ.

“ಅವತ್ತು ಸಿಗಲಿಲ್ಲ ಅಂದ್ರಲ್ಲ, ಪುಸ್ತಕ ನಿಮ್ಮ ಕೈಯಾಗ ಇತ್ತೇನ್ರಿ?” ಎಂದು ಕೇಳಿದಳು.

“ಇತ್ತು ತಂಗಿ.”

“ಆಕಿ ಹೆಸರು ನೋಡಿದ್ರೇನು?”

“ನೋಡಿದೆ.”

ಅವಳು ಪತ್ರವನ್ನು ಮಡಿಲಲ್ಲಿ ಇಟ್ಟುಕೊಂಡಳು. ನಾನು ಬಂದ ಕೆಲಸ ವಿವರಿಸಿದೆ. ಇದನ್ನು ಕೊಟ್ಟರೆ ನಿಜವಾದ ಜನನ ಪತ್ರವೇ ಬರುತ್ತದೆ, ಹುಟ್ಟಿದ ದಿನ, ಊರು ಎಲ್ಲ ಇರುತ್ತದೆ, ಇದರಲ್ಲಿರುವುದು ಸುಳ್ಳು ಎಂದೆ. ಶಿವಲೀಲಾ ಒಳ್ಳೆಯ ಹುಡುಗಿ, ತಿಂಗಳೊಳಗೆ ಆಗುತ್ತದೆ ಎಂದೆ. ನಾನೇ ಮುಂದೆ ನಿಂತು ಮಾಡಿಸಿಕೊಡುತ್ತೇನೆ ಎಂದೂ ಅಂದೆ. ಆಗ ಅವಳು ನನ್ನ ಮುಖ ನೋಡಿದಳು.

“ಇಲ್ಲ ಅಂತ ಬರದೀರಿ, ಆದ್ರೂ ಇದು ನನ್ನ ಕೈಯಾಗ ಅದ. ಅದ ಅಂತ ಬರದದ್ದು ನಿಮ್ಮ ಕೈಯಾಗ ಇತ್ತು. ಒಮ್ಮೆ ಆಕಿನ್ನ ನಿಮ್ಮ ಕೈಯಾಗ ಕೊಟ್ಟಿದ್ದೆ. ಮತ್ತ ಕೊಡೂದಿಲ್ರಿ.”

ದನಿ ಏರಲಿಲ್ಲ. ಬಂದವರನ್ನು ಬರಿಗಂಟಲಲ್ಲಿ ಕಳಿಸುವ ಮನೆಯಲ್ಲ ಅದು. ಚಹಾ ಕುಡಿದು ಹೋಗಿ ಎಂದಳು, ಮಗಳು ಒಳಗಿನಿಂದ ಕಪ್ಪು ತಂದಿಟ್ಟಳು. ನಾನು ಕುಡಿಯುತ್ತಿದ್ದಂತೆ ರುಕ್ಮಿಣಿ ಎದ್ದು ಹೋಗಿ ಪತ್ರವನ್ನು ಟ್ರಂಕಿನೊಳಗೆ ಇಟ್ಟಳು. ಆಮೇಲೆ ನನ್ನ ಕಣ್ಣೆದುರಿಗೇ ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.